ಹತ್ತು ಕಿಲೋಮೀಟರಿನೊಳಗಿನ ಕನ್ನಡ

ಪುಣೆಯಲ್ಲಿ ಕನ್ನಡ ಎಂದರೆ ಬಹಳ ಮಂದಿಗೆ ನೆನಪಾಗುವುದು ಉಡುಪಿ ಹೋಟೆಲುಗಳು, ಕನ್ನಡ ಸಂಘದ ಕಾರ್ಯಕ್ರಮಗಳು, ಹಿಂಜವಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು. ಬೆಳಿಗ್ಗೆ ಎಂಟರ ಹೊತ್ತಿಗೆ ವಾರ್ಜೆಯ ಮಜೂರ್ ಅಡ್ಡಾದಲ್ಲಿ ನಿಂತರೆ ಬೇರೊಂದು ಕನ್ನಡ ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ ಕಡೆಯಿಂದ ಬಂದ ಗೌಂಡಿಗಳು, ಬಿಗಾರಿಗಳು, ಸೆಂಟ್ರಿಂಗ್ ಕೆಲಸದವರು ಊಟದ ಡಬ್ಬಿ ಹಿಡಿದು, ಯಾರಾದರೂ ಮುಕಾದಮ, ಅಂದರೆ ಕೂಲಿಯಾಳುಗಳ ಮೇಸ್ತ್ರಿ, ಬಂದು ಕರೆಯಲಿ ಎಂದು ಕಾಯುತ್ತಿರುತ್ತಾರೆ. ಈ ಊರಿನ ಎಷ್ಟೋ ಗೋಡೆಗಳನ್ನು ಎಬ್ಬಿಸಿದವರು ಇವರೇ. ಆದರೆ ಇವರ ಮಾತಿಗೆ ಇಲ್ಲಿ ಯಾವ ವೇದಿಕೆಯೂ ಇರಲಿಲ್ಲ; ಕನ್ನಡದ ಸಭೆಗಳಲ್ಲೂ ಇರಲಿಲ್ಲ, ಮರಾಠಿಯ ಸಭೆಗಳಲ್ಲೂ ಇರಲಿಲ್ಲ. ಸಮುದಾಯ ರೇಡಿಯೋ ಒಂದರಲ್ಲಿ ಸ್ವಯಂಸೇವಕಿಯಾಗಿ ಸೇರಿದ ಮೇಲೆ ಇದನ್ನು ನಾನು ಹತ್ತಿರದಿಂದ ಕಂಡೆ.

ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿದ್ದಾಗ, ನಮ್ಮ ಬಡಾವಣೆಯ ಹತ್ತಿರದ ನಿಲಯಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ, ಮರಾಠಿಯ ಜೊತೆಗೆ ಇನ್ನೊಂದು ಭಾಷೆ ಬಲ್ಲವರಿದ್ದರೆ ಒಳ್ಳೆಯದು ಎಂಬ ಸೂಚನೆಯನ್ನು ಗೆಳತಿಯೊಬ್ಬರು ಕಳಿಸಿದರು. ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. 1950ರಲ್ಲಿ ಆರಂಭವಾದ ಅಲ್ಲಿನ ಆಕಾಶವಾಣಿ ನಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಾತನಾಡುತ್ತಿತ್ತು. ರೇಡಿಯೋ ಎಂದ ಕೂಡಲೇ ಹೋಗಲು ಅಷ್ಟು ಸಾಕಾಯಿತು. ಪುಣೆಯಲ್ಲಿ ಇಂಥ ನಿಲಯಗಳು ಕೆಲವಿವೆ; ವಿಶ್ವವಿದ್ಯಾಲಯದ ವಿದ್ಯಾವಾಣಿ 107.4ರಲ್ಲಿ ಸಿಗುತ್ತದೆ, ಫಿಲ್ಮ್ ಇನ್‌ಸ್ಟಿಟ್ಯೂಟಿನದು 90.4ರಲ್ಲಿ. ನಾನು ಹೋದದ್ದು ಇನ್ನೊಂದು ಸಣ್ಣ ನಿಲಯಕ್ಕೆ. ಇಲ್ಲಿ ಬರೆಯುತ್ತಿರುವುದು ನನ್ನ ಅನುಭವ, ಆ ನಿಲಯದ ಅಧಿಕೃತ ಮಾತಲ್ಲ. ಆದ್ದರಿಂದ ಅದರ ಹೆಸರು ಹಾಕುತ್ತಿಲ್ಲ.

ಸೇರುವುದಕ್ಕೆ ದೊಡ್ಡ ವಿಧಿಯೇನೂ ಇರಲಿಲ್ಲ. ಒಂದು ಅರ್ಜಿ, ಗುರುತಿನ ಚೀಟಿ, ವಾರದಲ್ಲಿ ಎಷ್ಟು ಹೊತ್ತು ಕೊಡಬಲ್ಲಿರಿ ಎಂಬ ಪ್ರಶ್ನೆ. ಅದಾದ ಮೇಲೆ ತರಬೇತಿ. ಮೊದಲ ದಿನ ನಿಲಯದ ಮುಖ್ಯಸ್ಥೆ ನಮ್ಮ ಕೈಗೆ ಮೈಕ್ ಕೊಡಲೇ ಇಲ್ಲ. ಈ ರೇಡಿಯೋ ಯಾಕೆ ಇದೆ ಎಂಬುದನ್ನು ವಿವರಿಸಿದರು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರ ನೀತಿ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು, 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. 2008ರಲ್ಲಿ ಈಗಿನ ತೆಲಂಗಾಣದ, ಆಗಿನ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೋ ಪ್ರಸಾರ ಆರಂಭಿಸಿತು. ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ನೆನಪಾದರು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯಿಂದ. ಈ ಮಾತನ್ನು ನಾನು ಹೇಳಿದಾಗ ಮುಖ್ಯಸ್ಥೆ ತಕ್ಷಣ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು. ಮುಂದಿನ ತಂಡಕ್ಕೆ ಪಾಠ ಮಾಡುವಾಗ ಮೈಸೂರಿನಿಂದಲೇ ಶುರು ಮಾಡಿದರು ಎಂದು ಕೇಳಿ ನನಗೆ ಹೆಮ್ಮೆಯಾಯಿತು.

ನಿಯಮಗಳನ್ನೂ ಅದೇ ದಿನ ಹೇಳಿದರು. ಆಂಟೆನಾದಿಂದ ಹೊರಬೀಳುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರುವಂತಿಲ್ಲ. ಹಾಗಾಗಿ ದನಿ ತಲುಪುವುದು ಹೆಚ್ಚೆಂದರೆ ಹತ್ತು ಕಿಲೋಮೀಟರಿನ ಆಸುಪಾಸು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಪಾಡಿ ಇಡಬೇಕು. ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಈ ಕೊನೆಯ ನಿಯಮ ಮುಂದೆ ನನ್ನನ್ನು ಬಹಳ ಕಾಡಿತು. ಆ ಮಾತು ಆಮೇಲೆ.

ರೆಕಾರ್ಡರಿನ ಪಾಠ ನನಗೆ ತುಂಬ ಹಿಡಿಸಿತು. ಮೈಕ್ ಬಾಯಿಗೆ ನೇರವಾಗಿ ಇರಬಾರದು, ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ಇರಬೇಕು; ಇಲ್ಲದಿದ್ದರೆ ಪಕಾರ, ಬಕಾರ, ಭಕಾರಗಳೆಲ್ಲ ಸಿಡಿಯುತ್ತವೆ. ಗಾಳಿಗೆ ಸ್ಪಂಜಿನ ಟೋಪಿ ಹಾಕಬೇಕು. ಹೆಡ್‌ಫೋನ್ ಇಲ್ಲದೆ ಧ್ವನಿಮುದ್ರಣ ಮಾಡಲೇಬಾರದು, ಏಕೆಂದರೆ ನಮ್ಮ ಕಿವಿ ಬೇಡದ ಸದ್ದನ್ನು ತಾನಾಗಿಯೇ ಬದಿಗಿಡುತ್ತದೆ, ಯಂತ್ರ ಇಡುವುದಿಲ್ಲ. ಪ್ರತಿ ಜಾಗದಲ್ಲೂ ಯಾರೂ ಮಾತನಾಡದೆ ಒಂದು ನಿಮಿಷ ಬರೀ ಆ ಜಾಗದ ಸದ್ದನ್ನು ಹಿಡಿದುಕೊಳ್ಳಬೇಕು. ಮಾತು ಕತ್ತರಿಸಿ ಜೋಡಿಸುವಾಗ ಆ ಸದ್ದನ್ನು ಕೆಳಗೆ ಹಾಸಿದರೆ ಬೆಸುಗೆ ಗೊತ್ತಾಗುವುದಿಲ್ಲ. ಸಂಕಲನ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ. ಅಲೆಗಳ ಚಿತ್ರ ನೋಡುತ್ತಲೇ ಎಲ್ಲಿ ಉಸಿರು, ಎಲ್ಲಿ ನಗು, ಎಲ್ಲಿ ಕೆಮ್ಮು ಎಂದು ಗುರುತಿಸುವ ಅಭ್ಯಾಸ ಕೆಲವು ವಾರಗಳಲ್ಲಿ ಕೈಗೆ ಬಂತು.

ಬರವಣಿಗೆಯ ಪಾಠವೂ ಇತ್ತು. ಕೇಳುಗರು ಹಿಂದಿನ ಪುಟ ತಿರುಗಿಸಿ ನೋಡಲಾರರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಉದ್ದವಾದಷ್ಟೂ ಏನಾಯಿತು ಎಂಬುದಕ್ಕೆ ಅವರು ಕಾಯಬೇಕು. ಸರ್ಕಾರದ ಸುತ್ತೋಲೆಯಲ್ಲಿ ಇಡೀ ಪ್ಯಾರಾ ಹಿಡಿಯುವ ಸಂಗತಿಯನ್ನು ನಾಲ್ಕು ಸಣ್ಣ ವಾಕ್ಯಗಳಿಗೆ ಇಳಿಸುವುದನ್ನು ನಾನು ಮನೆಯಲ್ಲಿ ದಿನವೂ ಅಭ್ಯಾಸ ಮಾಡಿದೆ. ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಸುತ್ತೋಲೆ ಓದಿದ್ದು ಈ ಕೆಲಸಕ್ಕೆ ನೆರವಾಯಿತು.

ಕನ್ನಡ ಕಾರ್ಯಕ್ರಮದ ಪ್ರಸ್ತಾಪ ಇಟ್ಟಾಗ ಕಾರ್ಯಕ್ರಮ ಸಮಿತಿಯಲ್ಲಿ ಚರ್ಚೆ ನಡೆಯಿತು. ಆ ಸಮಿತಿಯಲ್ಲಿ ಅರ್ಧ ಮಂದಿ ಸುತ್ತಲಿನ ನಿವಾಸಿಗಳು. ಮರಾಠಿ ಊರಿನ ನಿಲಯದಲ್ಲಿ ಕನ್ನಡ ಏಕೆ ಎಂದು ಹಿರಿಯರೊಬ್ಬರು ನೇರವಾಗಿ ಕೇಳಿದರು. ಕೇಳಿದ್ದರಲ್ಲಿ ಕೆಡುಕೇನೂ ಇರಲಿಲ್ಲ, ಉತ್ತರ ಕೊಡಬೇಕಾದ ಪ್ರಶ್ನೆಯೇ ಅದು. ನಾನು ಅಡ್ಡಾದ ಮಾತು ಹೇಳಿದೆ. ನಿಲಯದ ವ್ಯಾಪ್ತಿಯಲ್ಲಿ ವಾಸಿಸುವವರೇ ನಿಲಯದ ಸಮುದಾಯವಾದರೆ, ನಿಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ನಿಮ್ಮ ಸೊಸೈಟಿಯ ಹೊಸ ಕಟ್ಟಡಕ್ಕೆ ಇಟ್ಟಿಗೆ ಹೊರುವ ಕನ್ನಡದವರೂ ಅದರೊಳಗೇ ಬರುತ್ತಾರೆ ಎಂದೆ. ಭಾನುವಾರ ಸಂಜೆ ಅರ್ಧ ಗಂಟೆ ಕೊಡುವುದು, ಆರಂಭದಲ್ಲಿ ಮರಾಠಿಯಲ್ಲಿ ನಾಲ್ಕು ಮಾತು ಪರಿಚಯ ಹೇಳುವುದು, ಬುಧವಾರ ರಾತ್ರಿ ಮರುಪ್ರಸಾರ ಎಂದು ತೀರ್ಮಾನವಾಯಿತು. ಪ್ರಶ್ನೆ ಕೇಳಿದ ಹಿರಿಯರೇ ಆ ಮರಾಠಿ ಪರಿಚಯವನ್ನು ಓದಲು ಮುಂದೆ ಬಂದರು.

ಭಾನುವಾರ ಏಕೆಂದರೆ ಅಂದೇ ಬಹಳ ಮಂದಿಗೆ ರಜೆ. ಧ್ವನಿಮುದ್ರಣಕ್ಕೆ ಮಾತ್ರ ವಾರದ ನಡುವೆ, ಸಂಜೆ ಏಳರ ಮೇಲೆ ಹೋಗಬೇಕಿತ್ತು. ಹಗಲಿನಲ್ಲಿ ಕಟ್ಟಡದ ಜಾಗದಲ್ಲಿ ಮಿಕ್ಸರ್ ತಿರುಗುತ್ತಿರುತ್ತದೆ, ಮಾತು ಕೇಳಿಸುವುದಿಲ್ಲ. ಮೇಲಾಗಿ ಮುಕಾದಮನ ಕಣ್ಣೆದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಸಂಜೆ ಅವರು ವಾಸಿಸುವ ಪತ್ರಾಸ್ (ತಗಡಿನ) ಶೆಡ್ಡುಗಳ ಸಾಲಿಗೆ ಹೋದರೆ ಒಲೆಗಳು ಹೊತ್ತಿರುತ್ತವೆ, ಪ್ರತಿ ಬಾಗಿಲಲ್ಲೂ ಜೋಳದ ರೊಟ್ಟಿ ಬಡಿಯುವ ಸದ್ದು. ಆ ಸದ್ದನ್ನೇ ನಾವು ಕಾರ್ಯಕ್ರಮದ ಆರಂಭಕ್ಕೆ ಹಾಕಿದೆವು. ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಈಗಲೂ ಹೊಳೆಯುವುದಿಲ್ಲ.

ಮೊದಮೊದಲು ಯಾರೂ ಮಾತನಾಡಲಿಲ್ಲ. ರೆಕಾರ್ಡರ್ ನೋಡಿ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ಗಂಡಸರು, ನೀವು ಸರ್ಕಾರದವರೋ, ಬಿಲ್ಡರ್ ಕಡೆಯವರೋ ಎಂದು ಕೇಳಿದರು. ಮುಖ್ಯಸ್ಥೆ ಮೊದಲೇ ಎಚ್ಚರಿಸಿದ್ದರು: ಹೋದ ಕೂಡಲೇ ಯಂತ್ರ ಹೊರಗೆ ತೆಗೆಯಬೇಡಿ, ಕುಳಿತುಕೊಳ್ಳಿ. ಹಾಗೆಯೇ ಕುಳಿತೆ. ಊರು ಯಾವುದು, ಮಳೆ ಆಯಿತೇ, ತೊಗರಿ ಹೇಗಿದೆ, ಎಳ್ಳ ಅಮಾವಾಸ್ಯೆಗೆ ಹೋಗುತ್ತೀರಾ ಎಂದು ಮಾತಾಯಿತು. ತೊಗರಿಯ ಮಾತು ಬಂದ ಮೇಲೆ ಗಂಡಸರು ತಾವಾಗಿಯೇ ಹತ್ತಿರ ಬಂದರು. ಊರಿನಲ್ಲಿ ಎರಡು ಮೂರು ಎಕರೆ ಒಣಭೂಮಿ ಇರುವವರೇ ಹೆಚ್ಚು. ಮಳೆ ಕೈಕೊಟ್ಟ ವರ್ಷ ಬಂದವರು, ಆಮೇಲೆ ಪ್ರತಿ ವರ್ಷ ಬರತೊಡಗಿದವರು. ಆಳಂದ ಕಡೆಯ ವಯಸ್ಸಾದ ತಾಯಿಯೊಬ್ಬರು, "ತಂಗೀ, ನನ್ನ ದನಿಯನ್ನು ಹಿಡಿದು ಏನು ಮಾಡುತ್ತೀ?" ಎಂದು ಕೇಳಿದರು. ಈ ಸುತ್ತಲಿನ ಎಲ್ಲರಿಗೂ ಕೇಳಿಸುತ್ತೇವೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಸುಮ್ಮನೆ ಮಾತೇಕೆ, ಹಾಡುತ್ತೇನೆ ಎಂದು ಬೀಸುವ ಕಲ್ಲಿನ ಪದ ಎತ್ತಿಕೊಂಡರು. ಪಕ್ಕದ ಶೆಡ್ಡಿನ ಇಬ್ಬರು ದನಿಗೂಡಿಸಿದರು. ಮರುವಾರ ಮೊಹರಂ ಪದ ಬಲ್ಲವರೊಬ್ಬರು ತಾವೇ ಹುಡುಕಿಕೊಂಡು ಬಂದರು.

ಹಾಡುಗಳ ವಿಷಯದಲ್ಲಿ ನಮಗೆ ಇದು ದೊಡ್ಡ ಅನುಕೂಲವೂ ಆಯಿತು. ಚಿತ್ರಗೀತೆ ಹಾಕಬೇಕೆಂದರೆ ಹಕ್ಕುದಾರರ ಪರವಾನಗಿ ಬೇಕು, ಹಣ ಕಟ್ಟಬೇಕು. ಸಣ್ಣ ನಿಲಯಕ್ಕೆ ಅದು ಹೊರೆ. ಸೋಬಾನೆ, ಜೋಗುಳ, ತತ್ವಪದ, ಗೀಗೀ ಪದಗಳನ್ನು ಹಾಡುವವರು ಎದುರಿಗೇ ಇರುವಾಗ ಅದರ ಅಗತ್ಯವೂ ಬೀಳಲಿಲ್ಲ. ಹಾಡಿದವರ ಹೆಸರು, ಊರು ಹೇಳಿಯೇ ಪ್ರಸಾರ ಮಾಡುತ್ತಿದ್ದೆವು. ಪ್ರತಿಯೊಬ್ಬರ ಒಪ್ಪಿಗೆಯನ್ನು ಅವರದೇ ದನಿಯಲ್ಲಿ ಮುದ್ರಿಸಿಕೊಳ್ಳುತ್ತಿದ್ದೆವು. ಸಹಿ ಹಾಕಲು ಬಾರದವರಿಗೂ ಬೇಡ ಎನ್ನುವ ಹಕ್ಕಿದೆ, ಕೆಲವರು ಬೇಡ ಎಂದರು ಕೂಡ.

ಅವರ ಮಾತಿನ ಧಾಟಿಯನ್ನು ತಿದ್ದಬೇಕು, ರೇಡಿಯೋದಲ್ಲಿ ಶುದ್ಧ ಕನ್ನಡ ಬರಬೇಕು ಎಂದು ನಮ್ಮವರೇ ಕೆಲವರು ನನಗೆ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಲಬುರಗಿಯ ಮಾತು ಕಲಬುರಗಿಯವರ ಬಾಯಲ್ಲಿ ಬರುವಂತೆಯೇ ಬರಬೇಕು. ನಿರೂಪಕಿಯಾಗಿ ನಾನು ನನ್ನ ಧಾರವಾಡದ ಮಾತನ್ನು ಇಟ್ಟುಕೊಂಡೆ, ಅವರು ಅವರದನ್ನು ಇಟ್ಟುಕೊಂಡರು. ಮೊದಲ ಕಂತು ಕೇಳಿದ ಹುಡುಗನೊಬ್ಬ ಮರುದಿನ ಫೋನ್ ಮಾಡಿ, "ಅಕ್ಕಾ, ನಮ್ಮ ಮಾತು ರೇಡಿಯೋದಲ್ಲಿ ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ" ಎಂದ. ಸಲಹೆ ಕೊಟ್ಟವರಿಗೆ ನಾನು ಆ ಮಾತನ್ನೇ ತಲುಪಿಸಿದೆ.

ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಫೋನ್ ಬಂದದ್ದು ರೇಷನ್ ಕಾರ್ಡಿನ ಕಂತಿಗೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ 2020ರ ಜನವರಿಯಲ್ಲೇ ಕರ್ನಾಟಕ, ಮಹಾರಾಷ್ಟ್ರ ಎರಡೂ ಸೇರಿದ್ದವು. ಆದರೂ ಶೆಡ್ಡುಗಳಲ್ಲಿ ಹೆಚ್ಚಿನವರು ಕಾರ್ಡನ್ನು ಊರಿನಲ್ಲೇ ಬಿಟ್ಟು ಬಂದಿದ್ದರು, ಇಲ್ಲಿ ಅಂಗಡಿಯಿಂದ ಪೂರ್ತಿ ಬೆಲೆಗೆ ಅಕ್ಕಿ ಗೋಧಿ ಕೊಳ್ಳುತ್ತಿದ್ದರು. ನಾವು ಬಿಡಿಸಿ ಹೇಳಿದೆವು. ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ಸಾಕು, ಕಾರ್ಡ್ ಕೈಯಲ್ಲಿರಬೇಕೆಂದೇ ಇಲ್ಲ. ಸಂಖ್ಯೆ ಹೇಳಿ ಯಂತ್ರದ ಮೇಲೆ ಬೆರಳಿಟ್ಟರೆ ಪುಣೆಯ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ಸಿಗುತ್ತದೆ. ಮನೆಯವರು ಊರಿನಲ್ಲಿ ಒಂದಷ್ಟು, ನೀವು ಇಲ್ಲಿ ಒಂದಷ್ಟು ಪಡೆಯಬಹುದು. ಕರ್ನಾಟಕ ಸರ್ಕಾರ ತಾನಾಗಿ ಕೊಡುವ ಹೆಚ್ಚುವರಿ ಪಾಲು ಮಾತ್ರ ಇಲ್ಲಿ ಸಿಗುವುದಿಲ್ಲ. ಈ ಕೊನೆಯ ಮಾತನ್ನು ಎರಡು ಸಲ ಹೇಳಿದೆವು, ಅರ್ಧ ತಿಳಿದು ಹೋಗಿ ಜಗಳವಾಗಬಾರದೆಂದು.

ಅದಾದ ಮೇಲೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ಅಂಗಡಿಯವರು ಬೇರೆ ರಾಜ್ಯದ ಕಾರ್ಡ್ ನಡೆಯುವುದಿಲ್ಲ ಎಂದು ವಾಪಸು ಕಳಿಸಿದರು ಎಂದಳು. 14445 ಸಹಾಯವಾಣಿಗೆ ಅಂಗಡಿಯ ಮುಂದೆ ನಿಂತೇ ಕರೆ ಮಾಡು ಎಂದೆ. ಮಾಡಿದಳು. ಅದೇ ವಾರ ಧಾನ್ಯ ಸಿಕ್ಕಿತು. ಅವಳು ಹೇಗೆ ಕೇಳಿದಳು, ಅವರು ಏನೆಂದರು, ಯಂತ್ರ ಬೆರಳು ಹಿಡಿಯಲು ಎಷ್ಟು ಸತಾಯಿಸಿತು ಎಂಬುದನ್ನೆಲ್ಲ ಅವಳೇ ಮುಂದಿನ ಕಂತಿನಲ್ಲಿ ಹೇಳಿದಳು. ಸಿಮೆಂಟಿನ ಕೆಲಸದಿಂದ ಬೆರಳ ಗೆರೆಗಳು ಸವೆದಿರುತ್ತವೆ, ಕೈ ಚೆನ್ನಾಗಿ ತೊಳೆದು ಸ್ವಲ್ಪ ಎಣ್ಣೆ ಸವರಿ ಒರೆಸಿಕೊಂಡು ಹೋಗಿ ಎಂಬ ಸಲಹೆ ಅವಳದೇ. ಯಾವ ಅಧಿಕಾರಿಯ ಸಂದರ್ಶನದಲ್ಲೂ ನಮಗೆ ಈ ಮಾತು ಸಿಗುತ್ತಿರಲಿಲ್ಲ. ಆ ಕಂತಿನಲ್ಲಿ ನಾನು ಬಹುತೇಕ ಸುಮ್ಮನಿದ್ದೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯ ಬಗ್ಗೆಯೂ ಮಾಡಿದೆವು. 1996ರ ಕಾಯ್ದೆಯ ಪ್ರಕಾರ 18ರಿಂದ 60 ವರ್ಷದೊಳಗಿನವರು, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಕೊಡಬೇಕಿತ್ತು. ಅಡ್ಡಾದಲ್ಲಿ ನಿಲ್ಲುವವರಿಗೆ ದಿನಕ್ಕೊಬ್ಬ ಗುತ್ತೇದಾರ. 90 ದಿನಕ್ಕೆ ಸಹಿ ಹಾಕುವವರು ಯಾರು? ಸ್ಥಳೀಯ ಸಂಸ್ಥೆಯ ಅಧಿಕಾರಿಯಿಂದಲೂ ಆ ಪತ್ರ ಪಡೆಯಬಹುದೆಂದು ಕಾರ್ಮಿಕ ಸಂಘಟನೆಯ ಹಿರಿಯರೊಬ್ಬರು ಬಂದು ವಿವರಿಸಿದರು. ಕೇಳಿದವರಲ್ಲಿ ಸ್ವಲ್ಪ ಮಂದಿಗೆ ಮಾತ್ರ ಅದು ಕೈಗೂಡಿತು. ಅರ್ಧ ದಿನದ ಹಾಜರಿ ಬಿಟ್ಟು ಕಚೇರಿಗೆ ಅಲೆಯುವುದು ಅವರಿಗೆ ದುಬಾರಿ, ಇದನ್ನು ರೇಡಿಯೋ ಬದಲಿಸಲಾರದು.

ಸುದ್ದಿಯ ನಿಯಮ ಕಾಡಿದ್ದು ಒಂದು ಸಂಜೆ. ತಿಂಗಳುಗಟ್ಟಲೆ ಪಗಾರ ಕೊಡದೆ ಓಡಿಹೋದ ಗುತ್ತೇದಾರನ ಹೆಸರನ್ನು ರೇಡಿಯೋದಲ್ಲಿ ಹೇಳಿ ಎಂದು ಒಂದು ಗುಂಪು ಪಟ್ಟು ಹಿಡಿಯಿತು. ಅವರ ಸಿಟ್ಟು ನ್ಯಾಯವಾದದ್ದು. ನಾವು ಹೇಳುವಂತಿರಲಿಲ್ಲ, ಅದು ಸುದ್ದಿಯಾಗುತ್ತದೆ, ಒಬ್ಬನ ಮೇಲೆ ವಿಚಾರಣೆಯಿಲ್ಲದ ಆರೋಪವೂ ಆಗುತ್ತದೆ. ಪರವಾನಗಿ ಹೋದರೆ ಎಲ್ಲರ ದನಿಯೂ ಹೋಗುತ್ತದೆ ಎಂದು ಮುಖ್ಯಸ್ಥೆಯೇ ಶೆಡ್ಡಿಗೆ ಬಂದು ವಿವರಿಸಿದರು. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಹೇಗೆ ಕೇಳುವುದು, ಹಾಜರಿಯ ಲೆಕ್ಕವನ್ನು ದಿನವೂ ಮೊಬೈಲಿನಲ್ಲಿ ಹೇಗೆ ಫೋಟೋ ತೆಗೆದಿಡುವುದು ಎಂದು ಒಂದು ಕಂತು ಮಾಡಿದೆವು. ಆ ಗುಂಪಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ತಮ್ಮ ಊರಿನ ನಾಲ್ಕು ಬೀದಿಗಳ ಸುದ್ದಿಯನ್ನು ಹೇಳುವ ಅವಕಾಶ ಸಮುದಾಯ ರೇಡಿಯೋಗಳಿಗೆ ಇರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಪತ್ರಿಕೆಗೆ ಇರುವ ಹೊಣೆಗಾರಿಕೆಯನ್ನು ಇವಕ್ಕೂ ಹೊರಿಸಲಿ, ಬಾಯಿ ಕಟ್ಟುವುದು ಬೇಡ.

ಇಷ್ಟೆಲ್ಲ ಮಾಡಿದ್ದು ಕೇಳಿಸುತ್ತದೆಯೇ ಎಂಬ ಪ್ರಶ್ನೆ ಬೇರೆಯೇ ಇತ್ತು. ಎಫ್‌ಎಂ ತರಂಗ ನೇರವಾಗಿ ಸಾಗುತ್ತದೆ, ಅಡ್ಡ ಬಂದದ್ದರ ಹಿಂದೆ ಬಡವಾಗುತ್ತದೆ. ವೇತಾಳ ಟೇಕಡಿ ಎಂಬ ಗುಡ್ಡದ ಮರೆಗೆ ಬೀಳುವ ಬಡಾವಣೆಗಳಲ್ಲಿ ಬರೀ ಕರಕರ. ನಾವು ಒಂದು ಸಣ್ಣ ರೇಡಿಯೋ ಹಿಡಿದು ವಸತಿಯಿಂದ ವಸತಿಗೆ ನಡೆದು, ಎಲ್ಲಿ ಸಿಗುತ್ತದೆ ಎಲ್ಲಿ ಇಲ್ಲ ಎಂದು ನಕ್ಷೆಯ ಮೇಲೆ ಗುರುತು ಹಾಕಿದೆವು. ಇನ್ನೊಂದು ತೊಡಕು ಮೊಬೈಲಿನದು. ತಂತಿಯ ಇಯರ್‌ಫೋನೇ ಅಲ್ಲಿ ಆಂಟೆನಾ. ಎಷ್ಟೋ ಹೊಸ ಸ್ಮಾರ್ಟ್‌ಫೋನ್‌ಗಳಲ್ಲಿ ಅದನ್ನು ಚುಚ್ಚುವ ತೂತೇ ಇಲ್ಲ, ಅನೇಕದರಲ್ಲಿ ರೇಡಿಯೋವೇ ಇಲ್ಲ. ಎಫ್‌ಎಂ ಸೌಲಭ್ಯವನ್ನು ಬಂದ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಫೋನ್ ತಯಾರಕರಿಗೆ ಸೂಚಿಸಿದ್ದು ಇದೇ ಕಾರಣಕ್ಕೆ ನನಗೆ ಮುಖ್ಯವಾಗಿ ಕಂಡಿತು. ಅಜ್ಜಿಯರ ಕೈಯಲ್ಲಿದ್ದ ಗುಂಡಿಯ ಫೋನುಗಳಲ್ಲಿ ರೇಡಿಯೋ ತಂತಿಯಿಲ್ಲದೆಯೂ ಹಾಡುತ್ತಿತ್ತು. ಹೀಗಾಗಿ ಭಾನುವಾರ ಸಂಜೆ ಅಜ್ಜಿಯರ ಸುತ್ತ ಮೊಮ್ಮಕ್ಕಳೂ ಸೊಸೆಯರೂ ಸೇರುತ್ತಿದ್ದರು. ಉಳಿದವರಿಗೆ ಪ್ರಸಾರದ ನಂತರ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ಅದು ಅಲ್ಲಿಂದ ಅಫಜಲಪುರಕ್ಕೂ ಸುರಪುರಕ್ಕೂ ಹೋಗುತ್ತದೆ, ಊರಿನಿಂದ ಉತ್ತರವೂ ಬರುತ್ತದೆ. ಊರಲ್ಲಿದ್ದ ತಂದೆಯೊಬ್ಬರು ಮಗನ ಹಾಡು ಕೇಳಿ ಕಳಿಸಿದ ಧ್ವನಿ ಸಂದೇಶವನ್ನು ನಾವು ಮುಂದಿನ ವಾರ ಪ್ರಸಾರ ಮಾಡಿದೆವು.

ಈಗ ರೆಕಾರ್ಡರ್ ಹೆಚ್ಚಾಗಿ ನನ್ನ ಕೈಯಲ್ಲಿ ಇರುವುದಿಲ್ಲ. ಶೆಡ್ಡುಗಳಲ್ಲೇ ಬೆಳೆದು, ಇಲ್ಲಿನ ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಇಬ್ಬರು ಹುಡುಗಿಯರು ಅದನ್ನು ವಹಿಸಿಕೊಂಡಿದ್ದಾರೆ. ಕನ್ನಡ ಓದಲು ಅವರಿಗೆ ಬರುವುದಿಲ್ಲ, ಮಾತನಾಡಲು ನನಗಿಂತ ಚೆನ್ನಾಗಿ ಬರುತ್ತದೆ. ಸಾಲುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಕನ್ನಡದಲ್ಲಿ ಹೇಳುತ್ತಾರೆ. ನಾನು ಕೇಳದ ಪ್ರಶ್ನೆಗಳನ್ನು ಅವರು ಕೇಳುತ್ತಾರೆ: ರಾತ್ರಿ ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ, ಮದುವೆ ಇಷ್ಟು ಬೇಗ ಏಕೆ, ಶಾಲೆ ಬಿಡಿಸಿದವರು ಯಾರು. ನಾನು ಸಂಕಲನಕ್ಕೆ ಕೂರುತ್ತೇನೆ, ಅವರಿಗೆ ಅಕ್ಷರ ಕಲಿಸುತ್ತೇನೆ.

ಪುಣೆಯ ಪಶ್ಚಿಮ ಭಾಗದಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಇಂಥ ನಿಲಯಗಳಲ್ಲಿ ನಿಮಗೆ ಕೆಲಸವಿದೆ. ದನಿ ಚೆನ್ನಾಗಿರಬೇಕೆಂದೇನೂ ಇಲ್ಲ. ವಾರಕ್ಕೆ ಎರಡು ಸಂಜೆ ಬಿಡುವಿರಲಿ, ನೆಲದ ಮೇಲೆ ಕುಳಿತು ಮಾತು ಕೇಳುವ ತಾಳ್ಮೆ ಇರಲಿ. ಬೀದರದ ಕಡೆಯ ಮಾತು ಬಲ್ಲವರು ನಮ್ಮಲ್ಲಿ ಸದ್ಯ ಯಾರೂ ಇಲ್ಲ, ಅಂಥವರು ಬಂದರೆ ತುಂಬ ಉಪಕಾರವಾಗುತ್ತದೆ. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಊರಿನಿಂದ ಹೊಸ ಕುಟುಂಬಗಳು ಬಂದು ಇಳಿಯುತ್ತವೆ. ಅಷ್ಟರೊಳಗೆ ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸುವ ಬಗೆಯ ಮೇಲೆ ಒಂದು ಸರಣಿ ಸಿದ್ಧಪಡಿಸಬೇಕೆಂದು ಆ ಇಬ್ಬರು ಹುಡುಗಿಯರು ಪಟ್ಟಿ ಹಾಕಿಟ್ಟಿದ್ದಾರೆ.